ಮರುಬಿಸಿಲಿನ ಮಾಳಿಗೆ

ನಮ್ಮೂರಿನಲ್ಲಿ ಹೊತ್ತು ಎರಡು ಸಲ ಮುಳುಗುತ್ತದೆ. ಇದರಲ್ಲಿ ಅಂಥ ದೊಡ್ಡಸ್ತಿಕೆ ಏನಿದೆಯೋ ನನಗಂತೂ ಇವತ್ತಿಗೂ ತಿಳಿದಿಲ್ಲ. ಬೇರೆ ಊರುಗಳಲ್ಲಿ ಒಂದೇ ಸಲ ಮುಳುಗುತ್ತದೆ ಎಂದು ಮೊದಲ ಬಾರಿಗೆ ಕೇಳಿದಾಗ ನನಗೆ ಬಂದ ಯೋಚನೆ ಒಂದೇ: ಅಯ್ಯೋ ಪಾಪ, ಹಾಗಾದರೆ ಅಲ್ಲಿಯ ಹೆಂಗಸರು ಕೂತುಕೊಳ್ಳುವುದು ಯಾವಾಗ?

ಸೂರ್ಯ ಪಡುವಣ ಗುಡ್ಡದ ಹಿಂದೆ ಇಳಿಯುತ್ತಾನೆ. ಕತ್ತಲೆ ಕವಿಯುತ್ತದೆ, ಕೋಳಿಗಳು ಬುಟ್ಟಿ ಸೇರುತ್ತವೆ. ಒಂದು ಎಲೆ ಅಡಿಕೆ ಜಗಿದು ಮುಗಿಸುವಷ್ಟರಲ್ಲಿ ಅದೇ ಸೂರ್ಯ ಅದೇ ಗುಡ್ಡದ ಮೇಲೆ ಮತ್ತೆ ಮುಖ ತೋರಿಸಿ, ಒಂದು ಆಳೆತ್ತರ ಮೇಲೆ ಬಂದು, ಸುಮಾರು ಒಂದು ತಾಸು ನಿಂತು, ಆಮೇಲೆ ನಿಜವಾಗಿ ಇಳಿಯುತ್ತಾನೆ. ಆ ಬಿಸಿಲಿಗೆ ನಾವು ಮರುಬಿಸಿಲು ಎನ್ನುತ್ತೇವೆ. ಹಳೇ ಬೆಲ್ಲದ ಬಣ್ಣದ್ದು. ಮೈ ಸುಡುವುದಿಲ್ಲ, ಅರಿವೆ ಒಣಗಿಸುವುದಿಲ್ಲ, ಸಂಡಿಗೆ ಇಟ್ಟರೆ ಇಟ್ಟ ಹಾಗೇ ಹಸಿಯಾಗಿರುತ್ತದೆ. ಯಾವ ಕೆಲಸಕ್ಕೂ ಬಾರದ ಬಿಸಿಲು. ಕೆಲಸಕ್ಕೆ ಬಾರದ್ದು ಎಂದೇ ಅದು ಅಷ್ಟು ಕಾಲ ಹೆಂಗಸರ ಪಾಲಿಗೆ ಉಳಿದಿತ್ತು.

ಈಗ ಬಂದು ನೋಡಿದರೆ ನೀವು ನಂಬಲಿಕ್ಕಿಲ್ಲ. ಬಸ್‌ಸ್ಟ್ಯಾಂಡಿನ ಎದುರು ಮರುಬಿಸಿಲು ಪ್ಯಾಲೇಸ್ ಇದೆ, ಅದರ ಪಕ್ಕ ಹೊಸ ಮರುಬಿಸಿಲು ಪ್ಯಾಲೇಸ್ ಇದೆ. ನನ್ನ ಮನೆಯಲ್ಲೂ ಆರು ಕೋಣೆ ಇವೆ, ಗೋಡೆಗೆ ಟೈಲ್ಸ್ ಇದೆ, ಬಂದವರು ಬಿಸಿನೀರು ಬರಲು ಎರಡು ನಿಮಿಷ ತಡವಾದರೆ ಮುಖ ಗಂಟಿಕ್ಕುತ್ತಾರೆ. ದೂರುವುದಕ್ಕೆ ಹೇಳುತ್ತಿಲ್ಲ. ಈ ಕೋಣೆಗಳಿಂದಲೇ ನನ್ನ ಮಗಳು ನರ್ಸಿಂಗ್ ಓದಿದಳು. ಆದರೆ ಕೆಲವು ಸಲ ನೆಲ ಒರೆಸುತ್ತ ಒರೆಸುತ್ತ ಹಳೇ ಮಾಳಿಗೆಯ ನೆನಪು ಬರುತ್ತದೆ, ಕೈ ನಿಂತುಬಿಡುತ್ತದೆ.

ಆಗ ಊರಿನ ಗಂಡಸರೆಲ್ಲ ಸರಕಾರಿ ನೂಲಿನ ಗಿರಣಿಯಲ್ಲಿದ್ದರು. ಬೆಳಕು ಹರಿಯುವ ಮೊದಲೇ ಗಿರಣಿಯ ಭೋಂಗಾ ಕೂಗುತ್ತಿತ್ತು, ಊರು ಎದ್ದು ಓಡುತ್ತಿತ್ತು. ಮೊದಲ ಸಂಜೆಗೆ ಮತ್ತೆ ಕೂಗಿದರೆ ಮನೆಗೆ ಬಂದು, ಉಂಡು, ಬಾಗಿಲು ಮುಂದೆ ಮಾಡಿಕೊಂಡು ಮಲಗುತ್ತಿದ್ದರು. ಮರುಬಿಸಿಲು ಗಂಡಸಿನ ತಲೆಗೆ ತಾಗಿದರೆ ಬುದ್ಧಿ ಮಂಕಾಗುತ್ತದೆ ಎಂಬ ಮಾತೊಂದಿತ್ತು. ಯಾವ ಗಂಡಸೂ ಅದನ್ನು ಪರೀಕ್ಷೆ ಮಾಡಿ ನೋಡಲು ಹೋಗಿರಲಿಲ್ಲ. ನಾವು ಅವರ ನಿದ್ದೆ ಕೆಡದ ಹಾಗೆ ಕೂಸುಗಳನ್ನು ದೊಡ್ಡ ಹುಡುಗಿಯರ ಕೈಗೆ ಕೊಟ್ಟು, ಕಾಲ್ಗೆಜ್ಜೆ ಸದ್ದು ಮಾಡದೆ ಮಾಳಿಗೆ ಹತ್ತುತ್ತಿದ್ದೆವು. ನಮ್ಮದು ಮಣ್ಣಿನ ಮಾಳಿಗೆಗಳು, ಒಂದಕ್ಕೊಂದು ಅಂಟಿಕೊಂಡವು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಕಾಲು ಕೆಳಗಿಡದೆ ನಡೆದು ಹೋಗಬಹುದಿತ್ತು.

ಮಾಳಿಗೆಗೆ ಎರಡು ಕಟ್ಟಳೆ. ಮರುಬಿಸಿಲಿನಲ್ಲಿ ಒಲೆ ಹಚ್ಚಬಾರದು, ಕೈಯಲ್ಲಿ ಕೆಲಸ ಹಿಡಿಯಬಾರದು. ಮತ್ತೊಂದು, ಅಲ್ಲಿ ಅತ್ತೆ ಇಲ್ಲ, ಸೊಸೆ ಇಲ್ಲ, ನಾದಿನಿ, ಓರಗಿತ್ತಿ ಯಾರೂ ಇಲ್ಲ. ಬರೀ ಹೆಸರು, ಬರೀ ಏಕವಚನ.

ನಾನು ಅದೇ ಊರಿನ ಮೇಲಿನ ಓಣಿಯವಳು. ಮದುವೆಯಾಗಿ ಕೆಳಗಿನ ಓಣಿಗೆ ಬಂದೆ. ಮದುವೆಗೆ ಮೊದಲು ಹುಡುಗಿಯರನ್ನು ಮಾಳಿಗೆ ಹತ್ತಲು ಬಿಡುತ್ತಿರಲಿಲ್ಲವಾದ್ದರಿಂದ ಈ ಕಟ್ಟಳೆಯನ್ನು ಕೇಳಿ ಬಲ್ಲೆನೇ ಹೊರತು ನಡೆಸಿ ಗೊತ್ತಿರಲಿಲ್ಲ. ನನ್ನ ಅತ್ತೆ ಕಾಶವ್ವ ಓಣಿಗೇ ಕಟುವಾದ ಹೆಂಗಸು. ಚಿಕ್ಕ ವಯಸ್ಸಿಗೇ ವಿಧವೆಯಾಗಿ ಒಬ್ಬನೇ ಮಗನನ್ನು ಬೆಳೆಸಿದವಳು, ನಕ್ಕದ್ದನ್ನು ನೋಡಿದವರಿಲ್ಲ ಎಂದು ನನ್ನ ತವರಿನಲ್ಲಿ ಹೆದರಿಸಿ ಕಳಿಸಿದ್ದರು. ಮೊದಲ ದಿನ ಮಾಳಿಗೆ ಹತ್ತಿ, ಸೆರಗು ಎಳೆದುಕೊಂಡು, "ಅತ್ತೀರ, ನಾ ಎಲ್ಲಿ ಕೂಡ್ಲಿ?" ಎಂದೆ.

ಅವಳು ಕಾಲು ಚಾಚಿ, ತಲೆಗೂದಲು ಬಿಚ್ಚಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏ ನಿಂಬಿ, ನಿಮ್ಮತ್ತಿ ಕೆಳಗ ಅಡಗಿಮನ್ಯಾಗ ಕುಂತಾಳ. ಇಲ್ಲಿ ಇರಾಕಿ ಕಾಶಿ. ಬಾ, ಇಲ್ಲೇ ಕೂಡು."

ನನ್ನ ಹೆಸರು ನಿಂಬೆವ್ವ. ಆ ಮನೆಯಲ್ಲಿ ನಿಂಬಿ ಎಂದು ಕರೆದವಳು ಅವಳೊಬ್ಬಳೇ, ಅದೂ ಮಾಳಿಗೆಯ ಮೇಲೆ ಮಾತ್ರ.

ಪಕ್ಕದ ಮಾಳಿಗೆಯ ಹುಸೇನಬಿ ಗಿರಣಿಯ ಮ್ಯಾನೇಜರು ನಡೆಯುವ ಹಾಗೆ ನಡೆದು ತೋರಿಸುತ್ತಿದ್ದಳು. ಕಾಶಿ ಸಿಳ್ಳೆ ಹೊಡೆಯುತ್ತಿದ್ದಳು, ಎಲ್ಲಿ ಕಲಿತಳೋ ಏನೋ. ಒಂದು ದಿನ ನನ್ನ ತಲೆಯ ಹೇನು ನೋಡುತ್ತ, "ಅಲ್ಲ ನಿಂಬಿ, ನಿಮ್ಮತ್ತಿ ಭಾಳ ಜುಗ್ಗಿ ಅಂತಲ್ಲ, ಖರೇನು?" ಎಂದು ಕೇಳಿದಳು. ನಾನೂ ಧೈರ್ಯ ಮಾಡಿ, "ಏನ್ ಹೇಳ್ಲಿ ಕಾಶಿ, ಉಪ್ಪೂ ಅಳದ ಕೊಡ್ತಾಳ" ಎಂದೆ. "ಥೂ, ಸುಡು ಅಕೀನ" ಎಂದಳು. ಮರುದಿನ ಅಡುಗೆಮನೆಯ ಉಪ್ಪಿನ ಗಡಿಗೆಯ ಮುಚ್ಚಳ ತೆರೆದೇ ಇತ್ತು. ಕಾಶವ್ವ ಆ ಬಗ್ಗೆ ಒಂದು ಮಾತೂ ಆಡಲಿಲ್ಲ, ಮುಖವನ್ನಂತೂ ಎಂದಿನ ಹಾಗೆ ಬಿಗಿದುಕೊಂಡೇ ಇದ್ದಳು. ಆ ಒಂದು ತಾಸು ಇತ್ತೆಂದೇ ಉಳಿದ ತಾಸುಗಳನ್ನು ನಾವು ಹೇಗೋ ತಳ್ಳಿದೆವು. ಗಂಡಸು ಹೊಡೆದದ್ದು, ಹೊಟ್ಟೆಯಲ್ಲಿ ಕೂಸು ನಿಲ್ಲದೆ ಹೋದದ್ದು, ಯಾವುದನ್ನೂ ಅಲ್ಲಿ ಮುಚ್ಚಿಡುತ್ತಿರಲಿಲ್ಲ. ಅಂಥ ಜಾಗ ನನಗೆ ಆಮೇಲೆ ಎಲ್ಲೂ ಸಿಗಲಿಲ್ಲ.

ಆಮೇಲೆ ಗಿರಣಿ ಮುಚ್ಚಿತು. ಸರಕಾರ ಇನ್ನು ಗಿರಣಿ ನಡೆಸುವುದಿಲ್ಲ, ಯಾರಾದರೂ ಖಾಸಗಿಯವರು ಬಂದರೆ ನೋಡೋಣ ಎಂದರು. ಯಾರೂ ಬರಲಿಲ್ಲ. ಭೋಂಗಾ ನಿಂತಿತು. ನನ್ನ ಗಂಡ ವಿರುಪಾಕ್ಷ ಕೆಲವು ದಿನ ಮೊದಲಿನ ಹಾಗೇ ಕತ್ತಲಲ್ಲಿ ಎದ್ದು, ಅಂಗಿ ಹಾಕಿಕೊಂಡು, ಕಟ್ಟೆಯ ಮೇಲೆ ಕೂತಿರುತ್ತಿದ್ದ. ಆಮೇಲೆ ಏಳುವುದನ್ನೂ ಬಿಟ್ಟ. ಕೈಗೆ ಬಂದ ಪರಿಹಾರದ ದುಡ್ಡು ಕರಗುತ್ತ ಬಂತು. ಊಟದಲ್ಲಿ ರೊಟ್ಟಿ ಕಡಿಮೆಯಾಯಿತು, ಮಾಳಿಗೆಯಲ್ಲಿ ನಗು ಕಡಿಮೆಯಾಯಿತು.

ಅಂಥ ದಿನಗಳಲ್ಲಿ ಒಂದು ಸಂಜೆ ಯಾರೋ ಗಂಡ ಹೆಂಡತಿಯ ಕಾರು ನಮ್ಮ ಓಣಿಯ ಬಾಯಲ್ಲಿ ಪಂಕ್ಚರ್ ಆಗಿ ನಿಂತಿತು. ಕತ್ತಲಾಯಿತಲ್ಲ ಎಂದು ಅವರು ಗಾಬರಿಯಲ್ಲಿದ್ದಾಗಲೇ ಮರುಬಿಸಿಲು ಎದ್ದಿತು. ಆ ಹೆಂಗಸು ರಸ್ತೆಯ ನಡುವೆ ನಿಂತು ಬಾಯಿ ಬಿಟ್ಟಳು. ಆ ಗಂಡಸು ಅಳಲಿಕ್ಕೇ ಹತ್ತಿದ. ನಮಗೆ ನಗು. ಮಾಳಿಗೆ ಹತ್ತಿ ನೋಡಬಹುದೇ ಎಂದು ಅವಳು ಕೇಳಿದಳು. ಬರಲಿ ಬಿಡು ಎಂದಳು ಕಾಶಿ. ಹತ್ತಿ ಬಂದು ಕೂತವರು ಸ್ವಲ್ಪ ಹೊತ್ತಾದ ಮೇಲೆ, ಚಹಾ ಸಿಗುತ್ತದೆಯೇ, ಎಷ್ಟಾದರೂ ಕೊಡುತ್ತೇವೆ ಎಂದರು.

ಮರುಬಿಸಿಲಿನಲ್ಲಿ ಒಲೆ ಹಚ್ಚಿದವರು ಆವರೆಗೆ ಊರಿನಲ್ಲಿ ಇರಲಿಲ್ಲ. ನಾನು ಕಾಶಿಯ ಮುಖ ನೋಡಿದೆ. ಅವಳು ಬಿಚ್ಚಿದ ಕೂದಲನ್ನು ಗಂಟು ಹಾಕಿಕೊಂಡು ಎದ್ದಳು. "ಒಲಿ ಹಚ್ಚಿದರ ಸೂರ್ಯಾ ಏನ್ ಕಳಚಿ ಬೀಳಂಗಿಲ್ಲ" ಎಂದು ತಾನೇ ಕೆಳಗೆ ಹೋದಳು. ಸೂರ್ಯ ಬೀಳಲೂ ಇಲ್ಲ.

ಅವರು ಹೋದ ಮೇಲೆ ಅವಳು ನನ್ನನ್ನು ಮಾಳಿಗೆಯ ಮೇಲೇ ಕರೆದು ಕೂರಿಸಿಕೊಂಡಳು. "ಇದನ್ನ ನೀ ಮಾಡು ನಿಂಬಿ. ಮುಂದಿನ ಖೋಲಿ ಖಾಲಿ ಮಾಡಿ ಕೊಡ್ತೀನಿ. ಹೊಟ್ಟಿ ತುಂಬೂತನಕ ಮಾಡು. ತುಂಬಿದ ಮ್ಯಾಲೆ ನನ್ನ ಮಾಳಿಗಿ ನನಗ ತಿರುಗಿ ಕೊಡು. ಈ ಮುದುಕಿಗೆ ಇದೊಂದ ತಾಸು ಬಿಟ್ಟರ ಬ್ಯಾರೆ ಏನೈತಿ?"

ಕೊಡುತ್ತೇನೆ ಎಂದೆ. ಮನಸ್ಸಿನಿಂದಲೇ ಅಂದೆ. ಆದರೆ ಹೊಟ್ಟೆ ಯಾವಾಗ ತುಂಬಿತು ಎಂದು ಹೇಳುವವರು ಯಾರು?

ಆ ಮೊದಲ ದಿನಗಳು ಬಹಳ ಚೆಂದ ಇದ್ದವು. ಕಾರಿನವರು ಹೋಗಿ ತಮ್ಮವರಿಗೆ ಹೇಳಿದರು, ಅವರು ಮತ್ತೆ ಯಾರಿಗೋ ಹೇಳಿದರು. ಮುಂದಿನ ಖೋಲಿಗೆ ಸುಣ್ಣ ಬಳಿದೆವು. ಹುಸೇನಬಿ ತನ್ನ ಮದುವೆಯ ಕೌದಿ ತಂದು ಹಾಸಿದಳು. ಗಿರ್ಮಿಟ್ಟು, ಮಿರ್ಚಿ, ಚಹಾ, ಉಳಿದವರಿಗೆ ರಾತ್ರಿ ಜೋಳದ ರೊಟ್ಟಿ, ಎಣಗಾಯಿ. ಬಂದವರನ್ನು ಏನೆಂದು ಕರೆಯಬೇಕೆಂದು ತಿಳಿಯದೆ ನಾವು ಬೀಗರು ಎನ್ನುತ್ತಿದ್ದೆವು. ಓಣಿಯ ಬೇರೆ ಹೆಂಗಸರೂ ಕೋಣೆ ತೆರವು ಮಾಡಿದರು. ಯಾರ ಮನೆಗೆ ಜನ ಹೆಚ್ಚಾದರೂ ಪಕ್ಕದವರಿಗೆ ಕಳಿಸುತ್ತಿದ್ದೆವು. ಗಿರಣಿಯ ಪಗಾರದ ದಿನ ಗಂಡಸಿನ ಮುಖ ನೋಡುತ್ತ ನಿಲ್ಲುತ್ತಿದ್ದ ನಾವು ಸಂತೆಗೆ ಹೋಗಿ ಯಾರನ್ನೂ ಕೇಳದೆ ಸೀರೆ ತಂದೆವು. ನಾನು ತಂದ ಮೊದಲ ಸೀರೆ ಅತ್ತೆಗೆ. ಹಸಿರು ದಡಿಯದು. "ಇಷ್ಟ ಯಾಕ ಖರ್ಚ ಮಾಡ್ದಿ" ಎಂದು ಬೈಯುತ್ತಲೇ ಉಟ್ಟುಕೊಂಡಳು.

ಆದರೆ ಮಾಳಿಗೆಯ ಮೇಲೆ ಈಗ ಹತ್ತು ಜನ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಅವರಿಗೆ ಚಹಾ ಬೇಕು, ನೀರು ಬೇಕು, ಫೋಟೋ ತೆಗೆಯುವಾಗ ನಾವು ಅಡ್ಡ ಬರಬಾರದು. ನಾನು ಮೇಲಿನಿಂದ, "ಅತ್ತೀ, ಇನ್ನೂ ನಾಕು ಚಾ" ಎಂದು ಕೂಗುತ್ತಿದ್ದೆ. ಕಾಶವ್ವ ತಟ್ಟೆ ಹಿಡಿದು ಏದುಸಿರು ಬಿಡುತ್ತ ಹತ್ತಿ ಬಂದು, "ತಗೊ ನಿಂಬೆವ್ವ" ಎನ್ನುತ್ತಿದ್ದಳು. ನಿಂಬಿ ಯಾವ ದಿನ ಹೋದಳೋ, ಕಾಶಿ ಯಾವ ದಿನ ಹೋದಳೋ, ಇಬ್ಬರಿಗೂ ಗೊತ್ತಾಗಲಿಲ್ಲ.

ಗಂಡಸರು ಆಗಲೂ ಒಳಗೇ ಮಲಗುತ್ತಿದ್ದರು. ಬಂದ ಬೀಗರಲ್ಲಿ ಗಂಡಸರೂ ಇದ್ದರಲ್ಲ, ಅವರ ಬುದ್ಧಿಗೆ ಏನೂ ಆಗಿದ್ದು ಕಾಣಲಿಲ್ಲ. ಒಂದು ದಿನ ಯಾರದೋ ಭಾರವಾದ ಚೀಲ ಹೊತ್ತುಕೊಂಡು ನನ್ನ ಗಂಡ ಮೆಟ್ಟಿಲು ಹತ್ತಿದ. ಕೊನೆಯ ಮೆಟ್ಟಿಲಿನಲ್ಲಿ ಕಣ್ಣು ಮುಚ್ಚಿ ನಿಂತ. ಆಮೇಲೆ ತೆರೆದ. ಚೀಲ ಇಳಿಸುವುದನ್ನೂ ಮರೆತು, ಹೊತ್ತು ಮುಳುಗುವವರೆಗೆ ಗುಡ್ಡದ ಕಡೆ ನೋಡುತ್ತಲೇ ಇದ್ದ. "ಇಷ್ಟು ವರ್ಷ ಇದು ದಿನಾ ಇಷ್ಟ ಚೆಂದ ಇರ್ತಿತ್ತೇನು? ನಮಗ ಯಾರೂ ಹೇಳಲಿಲ್ಲಲ್ಲ" ಎಂದ. ನನಗೆ ಸಿಟ್ಟೂ ಬಂತು, ಕನಿಕರವೂ ಬಂತು. ಗಿರಣಿ ಇವರ ಸಂಜೆಯನ್ನೇ ತಿಂದುಹಾಕಿತ್ತು. ನಾವು ಹೇಳಲಿಲ್ಲ ನಿಜ, ಇವರು ಎಂದಾದರೂ ಕೇಳಿದ್ದರೇ?

ಒಬ್ಬ ಹತ್ತಿದ ಮೇಲೆ ಊರೇ ಹತ್ತಿತು. ಹತ್ತಿದ ಮೇಲೆ ಗಂಡಸರು ಸುಮ್ಮನೆ ಕೂಡುವುದುಂಟೇ? ಗಿರಣಿಯಲ್ಲಿ ಟೈಮ್‌ಕೀಪರ್ ಆಗಿದ್ದ ಸಂಗನಬಸಪ್ಪ ಎಂಬವರು ಮುಂದೆ ನಿಂತು ಮರುಬಿಸಿಲು ಅಭಿವೃದ್ಧಿ ಸಮಿತಿ ಕಟ್ಟಿದರು. ಸಮಿತಿಯಲ್ಲಿ ಹನ್ನೊಂದು ಜನ, ಒಬ್ಬಳೂ ಹೆಂಗಸಿಲ್ಲ. ಅದೇ ಹೊತ್ತಿಗೆ ಸರಕಾರದವರು ಬೀಗರನ್ನು ಇಟ್ಟುಕೊಳ್ಳುವ ಮನೆಗಳಿಗೆ ಪರವಾನಗಿ ಬೇಕು, ಮನೆ ಯಾರ ಹೆಸರಿನಲ್ಲಿದೆಯೋ ಅವರಿಗೇ ಕೊಡುತ್ತೇವೆ ಎಂದರು. ಓಣಿಯ ಮನೆಗಳೆಲ್ಲ ಗಂಡಸರ ಹೆಸರಿನವು, ಒಂದೊಂದಾಗಿ ಸಮಿತಿಗೆ ಸೇರಿದವು. ನಮ್ಮದೊಂದೇ ಕಾಶವ್ವನ ಹೆಸರಿನಲ್ಲಿತ್ತು.

ಸಂಗನಬಸಪ್ಪ ಒಂದು ಬೆಳಗ್ಗೆ ನಮ್ಮ ಪಡಸಾಲೆಗೆ ಬಂದು ಕೂತರು. ನನ್ನ ಗಂಡ ಅವರ ಪಕ್ಕ ಕೂತ. ನಾನು ಬಾಗಿಲ ಬಳಿ ನಿಂತೆ.

"ಕಾಶವ್ವ, ಮನಿ ಮಗನ ಹೆಸರಿಗೆ ಮಾಡಿಬಿಡು" ಎಂದರು. "ಸಮಿತಿಯಿಂದ ಹಳೇ ಗಿರಣಿ ಮ್ಯಾಲೆ ದೊಡ್ಡ ಕಟ್ಟಿ ಕಟ್ಟಸ್ತೀವಿ. ಬಂದವರೆಲ್ಲ ಅಲ್ಲೇ ಕೂತು ನೋಡ್ತಾರ. ಹೆಣ್ಮಕ್ಕಳಿಗೆ ಪಗಾರ ಕೊಡ್ತೀವಿ, ಬರೇ ಅಡಗಿ ಮಾಡೂದು. ಇನ್ನೊಂದು, ನೀವೆಲ್ಲ ಮಾಳಿಗ್ಯಾಗ ಅತ್ತಿ ಸೊಸಿ ಹೆಸರ ಹಿಡದ ಕರೀತಿದ್ರಂತಲ್ಲ, ಅದನ್ನ ಬಂದವರ ಮುಂದ ಮಾಡಿ ತೋರಸ್ರಿ. ಭಾಳ ಇಷ್ಟಪಡ್ತಾರ."

ನನ್ನ ಮೈಯೆಲ್ಲ ಉರಿಯಿತು. ಈ ಮನೆಯಲ್ಲಿ ಒಲೆಯಿಂದ ಹಾಸಿಗೆಯವರೆಗೆ ನಾನು ಕಟ್ಟಿದ್ದು. ಕಾಶವ್ವ ಹೆಬ್ಬೆಟ್ಟು ಒತ್ತಿದರೆ ನಾನು ನಾಳೆಯಿಂದ ಪಗಾರದ ಅಡುಗೆಯವಳು. ಆದರೆ ಕೇಳುವುದು ಹೇಗೆ? ಒಬ್ಬನೇ ಮಗ. ಯಾವ ತಾಯಿ ಮಗನನ್ನು ಬಿಟ್ಟು ಸೊಸೆಗೆ ಕೊಡುತ್ತಾಳೆ?

ಕಾಶವ್ವ ಮಗನ ಕಡೆ ತಿರುಗಿದಳು. "ನಿನಗ ಬೇಕೇನಪಾ?"

ಅವನು ನೆಲ ನೋಡುತ್ತಲೇ ಹೇಳಿದ: "ಯವ್ವಾ, ಗಿರಣ್ಯಾಗ ಇದ್ದಾಗ ನಾನೂ ಒಬ್ಬ ಮನಶ್ಯಾ ಅಂತ ಇದ್ದೆ. ಈಗ ಯಾರರ ಬಂದು ಏನ್ ಮಾಡ್ತೀಯಪಾ ಅಂದ್ರ ಹೇಳಾಕ ಏನೂ ಇಲ್ಲ. ನಂದೂ ಅಂತ ಒಂದಿರಲಿ ಅನಸ್ತೈತಿ."

ಅವನು ಹಾಗೆಲ್ಲ ಮಾತಾಡುವವನಲ್ಲ. ನನಗೂ ಕಣ್ಣು ತುಂಬಿದವು. ಕಾಶವ್ವ ಅವನ ಬೆನ್ನ ಮೇಲೆ ಕೈ ಇಟ್ಟಳು. "ಖರೆ ಮಗನ. ಆದರ ಕೈಗೆ ಕೆಲಸ ಬೇಕಂದ್ರ ಕೆಲಸ ಕೇಳು, ಅಕಿ ಕಟ್ಟಿದ ಮನಿ ಯಾಕ ಕೇಳ್ತಿ? ಮನಿ ನಿಂಬೆವ್ವನ ಹೆಸರಿಗೆ ಮಾಡ್ತೀನಿ." ಆಮೇಲೆ ಸಂಗನಬಸಪ್ಪನವರಿಗೆ ಹೇಳಿದಳು: "ಮಾಳಿಗ್ಯಾಗಿನ ಮಾತು ಮಾರಾಕ ಇಟ್ಟಿಲ್ರಿ ಯಜಮಾನ್ರ. ಚಾ ಕುಡದ ಹೋಗ್ರಿ."

ಅವರು ಚಹಾ ಕುಡಿಯದೆ ಹೋದರು. ನಾನು ಅತ್ತೆಯ ಕಾಲು ಹಿಡಿಯಲು ಬಾಗಿದೆ. ಅವಳು ತಡೆದು, "ಪುಗಸಟ್ಟೆ ಅಲ್ಲ" ಎಂದಳು. "ಸೋಮವಾರ ಮಾಳಿಗಿ ನಂದು. ಎಂಥಾ ದೊಡ್ಡ ಬೀಗ ಬಂದ್ರೂ ಹತ್ತಂಗಿಲ್ಲ. ಗಿರಣಿಗೆ ಸೋಮವಾರ ಸೂಟಿ ಇತ್ತು. ನಮಗ ಯಾವತ್ತ ಸೂಟಿ ಇತ್ತು?"

ವಾರದಲ್ಲಿ ಅತಿ ಹೆಚ್ಚು ಬಸ್ಸು ಬರುತ್ತಿದ್ದದ್ದು ಸೋಮವಾರವೇ. ಒಪ್ಪಿಕೊಂಡೆ. ನನ್ನ ಗಂಡ ಕಾಗದಪತ್ರ ಆಗುವವರೆಗೆ ನನ್ನ ಜೊತೆ ಮಾತು ಬಿಟ್ಟ. ಉಣ್ಣುತ್ತಿದ್ದ, ಏಳುತ್ತಿದ್ದ, ಬಸ್‌ಸ್ಟ್ಯಾಂಡಿಗೆ ಹೋಗಿ ಕೂಡುತ್ತಿದ್ದ. ಸಮಿತಿಯವರು ಅವನ ಕಿವಿ ಊದುತ್ತಿದ್ದಾರೆಂದು ಹುಸೇನಬಿ ಬಂದು ಹೇಳಿದಳು. ಸೋಮವಾರದ ಮಾತು ನಿಲ್ಲುತ್ತದೆಯೋ ಇಲ್ಲವೋ, ನನಗೆ ನಂಬಿಕೆ ಇರಲಿಲ್ಲ.

ಮೊದಲ ಸೋಮವಾರ ಬಂತು. ಕುರ್ಚಿಗಳನ್ನೆಲ್ಲ ಕೆಳಗಿಳಿಸಿ, ಚಾಪೆ ಹಾಸಿದೆ. ಹುಸೇನಬಿ ಮತ್ತು ಓಣಿಯ ಇನ್ನೂ ಮೂರು ನಾಲ್ಕು ಹೆಂಗಸರು ಬಂದರು. ಕಾಶಿ ಹಸಿರು ದಡಿಯ ಸೀರೆ ಉಟ್ಟು ಬಂದಿದ್ದಳು. ಮರುಬಿಸಿಲು ಎದ್ದಿತು. ಎಲ್ಲರೂ ಕೂತೆವು. ಕೂತೇ ಇದ್ದೆವು. ಮಾತು ಬರಲೊಲ್ಲದು. ಒಬ್ಬಳು ಗ್ಯಾಸ್ ಸಿಲಿಂಡರಿನ ರೇಟು ಹೆಚ್ಚಾಯಿತು ಎಂದಳು. ಇನ್ನೊಬ್ಬಳು ಚಾದರ ತೊಳೆಯುವ ಸೋಡಾ ಎಲ್ಲಿ ಅಗ್ಗ ಎಂದು ಕೇಳಿದಳು. ನಾನು ಬಾಯಿತಪ್ಪಿ ಎರಡು ಸಲ "ಅತ್ತೀ" ಎಂದೆ, ಯಾರೂ ನಗಲಿಲ್ಲ.

"ಇದಕ್ಕ ನಾ ಮನಿ ಬರದ ಕೊಟ್ನೇನ?" ಎಂದಳು ಕಾಶವ್ವ. ಏನನ್ನೋ ತಿರುಗಿ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ, ಕೊಡಲು ಅದು ಉಳಿದೇ ಇರಲಿಲ್ಲ.

ಅಷ್ಟರಲ್ಲಿ ಕೆಳಗೆ ಬಸ್ಸು ನಿಂತ ಸದ್ದು. ಬಾಗಿಲು ಬಡಿದರು. ಒಂದು ದೊಡ್ಡ ಗುಂಪು, ಜೊತೆಗೆ ಕರೆತಂದ ಏಜೆಂಟ. ಕೆಳಗೆ ಇದ್ದವನು ನನ್ನ ಗಂಡ ಒಬ್ಬನೇ. ನಾನು ಏಳಲು ಹೋದೆ. ಕಾಶವ್ವ ನನ್ನ ಕೈ ಹಿಡಿದು ಕೂರಿಸಿದಳು. ಎಲ್ಲರೂ ಕೆಳಗಿನ ಮಾತಿಗೆ ಕಿವಿಗೊಟ್ಟೆವು.

"ನಲವತ್ತು ಮಂದಿ ಅದಾರ, ಬರೇ ಒಂದ ತಾಸು" ಎಂದ ಏಜೆಂಟ. "ಸಮಿತಿಯವರು ಹೇಳ್ಯಾರ, ವಿರುಪಾಕ್ಷಪ್ಪನ್ನ ಕೇಳ್ರಿ, ಬಿಡ್ತಾನ ಅಂತ."

"ಇವತ್ತ ಆಗಂಗಿಲ್ರಿ."

"ಡಬಲ್ ಕೊಡ್ತೀನಿ. ನಿಮ್ಮ ಕೈಯಾಗ ಕೊಡ್ತೀನಿ, ಮನ್ಯಾಗಿನವರಿಗೆ ಗೊತ್ತಾಗೂದು ಬ್ಯಾಡ."

ಕಾಶವ್ವನ ಉಗುರುಗಳು ನನ್ನ ಮುಂಗೈಯಲ್ಲಿ ನೆಟ್ಟಿದ್ದವು.

"ನಮ್ಮವ್ವ ಮ್ಯಾಲೆ ಕುಂತಾಳ್ರಿ" ಎಂದ ನನ್ನ ಗಂಡ. "ಆಕಿ ಇಳಿಯೂತನಕ ಯಾರೂ ಹತ್ತಂಗಿಲ್ಲ. ನಾನೂ ಹತ್ತಂಗಿಲ್ಲ. ನಾ ಇಲ್ಲೇ ಬಾಗಲದಾಗ ಇರ್ತೇನಿ. ನೀವು ಬ್ಯಾರೆ ಕಡೆ ನೋಡ್ಕೊಳ್ರಿ."

ಬಸ್ಸು ಹೋಯಿತು. ಕಾಶವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಒರೆಸಿಕೊಂಡಷ್ಟೂ ನೀರು ಬಂತು. ಹುಸೇನಬಿ ಎದ್ದು, ಸೊಂಟದ ಮೇಲೆ ಕೈ ಇಟ್ಟುಕೊಂಡು, ಆ ಏಜೆಂಟನ ಹಾಗೆ ಗಂಟಲು ಮಾಡಿ, "ಡಬಲ್ ಕೊಡ್ತೀನಿ ಕಾಶೀ, ಇಳೀತಿಯೇನು?" ಎಂದಳು. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಆಮೇಲೆ ನಿಲ್ಲಿಸಲು ಆಗಲಿಲ್ಲ.

ಹೊತ್ತು ನಿಜವಾಗಿ ಮುಳುಗಿತು. ಒಬ್ಬೊಬ್ಬರೇ ತಮ್ಮ ಮಾಳಿಗೆ ದಾಟಿ ಹೋದರು. ನಾನು ಚಾಪೆ ಸುತ್ತಿದೆ. ಕೆಳಗೆ ಬಗ್ಗಿ ನೋಡಿದರೆ ನನ್ನ ಗಂಡ ಹೊಸ್ತಿಲಿನಲ್ಲೇ ನಿಂತಿದ್ದ, ಬಾಗಿಲಿನ ಚೌಕಟ್ಟಿಗೆ ಒರಗಿಕೊಂಡು.

"ಕಾಶಿ, ಇಳಿಯೂಣು ನಡಿ" ಎಂದೆ. "ಪಾಪ, ಆವಾಗಿಂದ ನಿಂತಾರ."

ಅವಳು ಕಾಲು ಚಾಚಿ, ಇನ್ನಷ್ಟು ಒರಗಿ ಕೂತಳು.

"ಅವರಪ್ಪ ಮಲಗಿದಾಗ ಸದ್ದಾಗದಂಗ ಕಾದೀನಿ. ಅಂವ ಮಲಗಿದಾಗ ಸದ್ದಾಗದಂಗ ಕಾದೀನಿ. ಒಂದಿನ ನಾ ಕೂತಾಗ ಅಂವ ಕಾಯಲಿ. ನಿಂದ್ರಲಿ ಬಿಡು."